ಕಂಪ್ಯೂಟರ್ ಕೆಲಸ ಬಿಟ್ಟು ತೋಟಕ್ಕೆ ಬರುವ ಮುನ್ನ

ಹತ್ತು ಹನ್ನೆರಡು ವರ್ಷ ಬೆಂಗಳೂರಿನ ಕಂಪ್ಯೂಟರ್ ಕಂಪನಿಯಲ್ಲಿ ದುಡಿದ ಮಗ, ಕೆಲಸ ಬಿಟ್ಟು ತೋಟ ಮಾಡುತ್ತೇನೆಂದರೆ ಗದರಬೇಡಿ. ಹಿಗ್ಗಿ ಒಡನೆಯೇ ಒಪ್ಪಲೂ ಬೇಡಿ. ರಾಜೀನಾಮೆಗೆ ಮುನ್ನ ಕೂಡಿ ಕುಳಿತು ಲೆಕ್ಕ ಹಾಕಿ.

ಸಂಬಳ ನಿಂತ ದಿನವೇ ತೋಟ ಫಲ ಕೊಡದು. ಎತ್ತರದ ತಳಿಯ ತೆಂಗಿಗೆ 6-7 ವರ್ಷ, ಕಸಿ ಮಾವಿಗೆ 4-5 ವರ್ಷ ಕಾಯಬೇಕು. ಅಷ್ಟರವರೆಗೆ ಸಾಲುಗಳ ನಡುವೆ ತರಕಾರಿ ಬೆಳೆಯಿರಿ, ಎರಡು ಹಸು ಕಟ್ಟಿರಿ. ಕೊಳವೆ ಬಾವಿಯ ನೀರನ್ನು ಮಳೆಗಾಲದಲ್ಲಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ಅಳೆದು ನೋಡಿ.

ಐದು ವರ್ಷ ಸೇವೆ ಪೂರೈಸಿದವರಿಗೆ ಪ್ರತಿ ವರ್ಷಕ್ಕೆ 15 ದಿನಗಳ ವೇತನದಂತೆ ಗ್ರಾಚ್ಯುಟಿ ದೊರೆಯುತ್ತದೆ. ಅದನ್ನು ಟ್ರಾಕ್ಟರಿಗೆ ಸುರಿಯದೆ, ಫಸಲು ಬರುವವರೆಗಿನ ಮನೆಖರ್ಚಿಗೆ ಮೀಸಲಿಡಿ.

ಮೊದಲು ಒಂದೇ ಎಕರೆ ಅವನ ಕೈಗೆ ಕೊಡಿ. ಲೆಕ್ಕ ಅವನು ಬರೆಯಲಿ. ಮಣ್ಣಿನ ಗುಣ ನೀವು ಹೇಳಿಕೊಡಿ.