ಸೊಂಟ ನೋವು, ಮನೆಯವರ ಅಕ್ಕರೆ

ಕೆಲವು ವರ್ಷಗಳ ಹಿಂದೆ ಪ್ರಯೋಗಾಲಯದ ಮೇಜು ಸರಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು. ಬಕೆಟ್ ಮುಟ್ಟಿದರೆ ‘ಬಿಡಿ, ನಾನು ತರ್ತೀನಿ’ ಎಂದು ಹೆಂಡತಿ. ಎದ್ದು ಕೂತರೆ ‘ಅಪ್ಪಾ, ಸುಮ್ನೆ ಮಲಗು’ ಎಂದು ಮಗಳು. ವಾರದಲ್ಲಿ ಶಾಲೆಗೆ ಹೋಗಬೇಕಿದ್ದವನು ಐದು ವಾರ ರಜೆ ಹಾಕಿದೆ. ಇನ್ನು ನಿಂತು ಪಾಠ ಮಾಡಲಾರೆನೇನೋ ಎಂಬ ಭಯ ನೋವಿಗಿಂತ ದೊಡ್ಡದಾಗಿತ್ತು.

ನೋವು ಗಾಯದ ನೇರ ಅಳತೆ ಎಂದೇ ನಾವು ತಿಳಿಯುತ್ತೇವೆ. ಹಾಗಲ್ಲ. ನರಗಳು ತಂದ ಸುದ್ದಿಯನ್ನು ಮೆದುಳು ಭಯ, ಬೇಸರ, ಸುತ್ತಲಿನವರ ವರ್ತನೆ ಇವೆಲ್ಲದರ ಜೊತೆ ಸೇರಿಸಿ ತೂಗುತ್ತದೆ. 1980ರಲ್ಲಿ ಬ್ಲಾಕ್, ಕ್ರೆಮರ್ ಮತ್ತು ಗೇಲರ್ ಪ್ರಕಟಿಸಿದ ಪ್ರಯೋಗವೊಂದು ಸೊಗಸಾಗಿದೆ. ಬಹುಕಾಲದಿಂದ ನೋವಿರುವ ರೋಗಿಗಳನ್ನು ಮಾತನಾಡಿಸುವಾಗ, ಕನ್ನಡಿಯ ಆಚೆಯಿಂದ ಒಮ್ಮೆ ನಿಮ್ಮ ಸಂಗಾತಿ, ಇನ್ನೊಮ್ಮೆ ವಾರ್ಡಿನ ಗುಮಾಸ್ತರು ನೋಡುತ್ತಿದ್ದಾರೆ ಎಂದು ತಿಳಿಸಿದರು. ತುಂಬಾ ಉಪಚರಿಸುವ ಸಂಗಾತಿ ಇದ್ದವರು, ಆ ಸಂಗಾತಿ ನೋಡುತ್ತಿರುವಾಗ ತಮ್ಮ ನೋವು ಹೆಚ್ಚೆಂದು ಹೇಳಿದರು! ಇದು ನಟನೆಯಲ್ಲ, ಮಕ್ಕಳೇ. ನರಳಿದಾಗಲೆಲ್ಲ ಆರೈಕೆ ಸಿಕ್ಕರೆ ದೇಹ ತನಗರಿವಿಲ್ಲದೆಯೇ ಆ ಪಾಠ ಕಲಿಯುತ್ತದೆ.

ಕೆಲಸದ ಜಾಗದ ಪಾಲೂ ಕಡಿಮೆಯಲ್ಲ. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ನೌಕರರನ್ನು ಕುರಿತ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಕೆಲಸದಲ್ಲಿ ಸಂತೋಷವನ್ನೇ ಕಾಣದವರಲ್ಲಿ ಬೆನ್ನಿನ ದೂರು ಬರುವ ಸಂಭವ, ಖುಷಿಯಿಂದ ದುಡಿಯುವವರಿಗಿಂತ ಎರಡೂವರೆ ಪಟ್ಟು ಇತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಅಧ್ಯಯನ ಇನ್ನೊಂದು ಸಂಗತಿ ತಿಳಿಸಿತು: ಎರಡು ದಿನ ಹಾಸಿಗೆ ಹಿಡಿದವರಿಗಿಂತ, ನೋವು ತಡೆಯುವಷ್ಟರ ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಗುಣವಾದರು.

ಕಾಲು ಮರಗಟ್ಟಿದರೆ, ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿ ಓಡಬೇಕು. ಅಲ್ಲಿ ಈ ಮಾತುಗಳು ಸಲ್ಲವು.

ನನಗೆ ಹೇಳಿಕೊಟ್ಟವರು ವ್ಯಾಯಾಮ ಚಿಕಿತ್ಸಕಿಯೊಬ್ಬರು. ‘ನೋವು ಹೇಗಿದೆ ಅಂತ ಕೇಳಬೇಡಿ, ಇವತ್ತು ಎಷ್ಟು ದೂರ ನಡೆದಿರಿ ಅಂತ ಕೇಳಿ’ ಎಂದು ನನ್ನ ಎದುರಿಗೇ ಮನೆಯವರಿಗೆ ಹೇಳಿದರು. ಮೊದಲ ದಿನ ಬೀದಿ ತುದಿ, ವಾರದ ನಂತರ ಬಸ್ ನಿಲ್ದಾಣ. ಮುಖ್ಯೋಪಾಧ್ಯಾಯರು ತರಗತಿಗೆ ಕುರ್ಚಿ ಹಾಕಿಸಿ, ಮೊದಲು ಎರಡೇ ಪಿರಿಯಡ್ ಕೊಟ್ಟರು. ಮೂಟೆ ಹೊರುವವನಿಗೆ ಅಂಥ ಕುರ್ಚಿ ಯಾರು ಹಾಕಿಸುತ್ತಾರೆ? ಅವನಿಗೆ ಹಗುರ ಕೆಲಸ ಸಿಗದಿದ್ದರೆ ಮನೆಯವರು ಎಷ್ಟು ಧೈರ್ಯ ಹೇಳಿದರೇನು?

ಈಗ ಆರು ಪಿರಿಯಡ್ ನಿಂತೇ ಪಾಠ ಮಾಡುತ್ತೇನೆ. ಬಕೆಟ್ ಮಾತ್ರ ಇನ್ನೂ ಹೆಂಡತಿಯ ವಶದಲ್ಲೇ ಇದೆ.