ಸಲಿಕೆ ಹಿಡಿದ ಹೆಂಗಸರು: ಆಲ್ಟಾ ಬೆಟ್ಟದಲ್ಲೊಂದು ತರಗತಿ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಿಂದ ಹೊರಟು ಲಿಟಲ್ ಕಾಟನ್‌ವುಡ್ ಕಣಿವೆಯ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ಆಲ್ಟಾ ಎಂಬ ಸ್ಕೀ ಊರು. ಮೇಲಿನ ಬೆಟ್ಟಗಳಿಂದ ಹಿಮ ಜಾರಿ ಬರುವ ಅರವತ್ತಕ್ಕೂ ಹೆಚ್ಚು ಜಾಡುಗಳು ಈ ಒಂದೇ ರಸ್ತೆಯನ್ನು ಅಡ್ಡ ಹಾಯುತ್ತವೆ. ಹಿಮ ವಿಪರೀತವಾದ ದಿನ ಊರಿಗೆ ‘ಇಂಟರ್‌ಲಾಡ್ಜ್’ ಆದೇಶ ಹೊರಡುತ್ತದೆ. ಆಗ ಯಾರೂ ಕಟ್ಟಡ ಬಿಟ್ಟು ಹೊರಗೆ ಕಾಲಿಡುವಂತಿಲ್ಲ; ಇಟ್ಟರೆ ಕಾನೂನಿನ ಉಲ್ಲಂಘನೆ. 19ನೇ ಶತಮಾನದಲ್ಲಿ ಬೆಳ್ಳಿ ಅಗೆಯಲು ಬಂದವರನ್ನು ಹಿಂಡುಹಿಂಡಾಗಿ ಹಿಮ ನುಂಗಿದ ಊರಿದು. 1940ರ ದಶಕದಲ್ಲಿ ಮಾಂಟಿ ಅಟ್‌ವಾಟರ್ ಎಂಬ ಅರಣ್ಯ ಇಲಾಖೆಯ ರೇಂಜರ್ ಹಿಮಕುಸಿತವನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡತೊಡಗಿದ್ದೂ ಇಲ್ಲೇ. ಮುಂದೆ ದಶಕಗಳ ಕಾಲ ಸೇನೆಯ ಫಿರಂಗಿ ಹಾರಿಸಿ, ಹಿಮವನ್ನು ಬೇಕೆಂದೇ ಮೊದಲೇ ಕೆಡವುತ್ತಿದ್ದರು.

ಆ ಕಾವಲೆಲ್ಲ ರಸ್ತೆಗೆ ಮತ್ತು ಲಿಫ್ಟ್ ಇರುವ ಇಳಿಜಾರಿಗೆ. ಅದರಾಚೆಗಿನ ಬೆಟ್ಟಕ್ಕೆ ಸ್ಕೀ ಮಾಡುವವರು ‘ಬ್ಯಾಕ್‌ಕಂಟ್ರಿ’ ಅನ್ನುತ್ತಾರೆ. ಅಲ್ಲಿ ಲಿಫ್ಟ್ ಇಲ್ಲ, ಗಸ್ತು ಇಲ್ಲ. ಸ್ಕೀ ಅಡಿಗೆ ಜಾರದಂಥ ಪಟ್ಟಿ ಅಂಟಿಸಿಕೊಂಡು ಏದುಸಿರು ಬಿಡುತ್ತ ಹತ್ತಬೇಕು, ತಾವೇ ನೋಡಿಕೊಂಡು ಇಳಿಯಬೇಕು. ಆಲ್ಟಾದ ತುದಿಯಿಂದ ಗ್ರಿಜ್ಲಿ ಗಲ್ಚ್ ಎಂಬ ಕೊರಕಲು ಅಂಥ ಬೆಟ್ಟದತ್ತ ಏರುತ್ತದೆ. ಅದರ ಬುಡದಲ್ಲಿ, ಬಿಸಿಲು ಇನ್ನೂ ಮುಟ್ಟದ ಹೊತ್ತಿನಲ್ಲಿ, ಹಿಮಕುಸಿತದ ತರಗತಿ ಸೇರಿತ್ತು. ಕಲಿಯುವವರು ಹೆಂಗಸರೇ, ಕಲಿಸುವವರೂ ಹೆಂಗಸರೇ.

ಮೊದಲ ಕೆಲಸ ಬೀಕನ್ ತಪಾಸಣೆ. ಅಂಗೈಯಗಲದ ಈ ಯಂತ್ರವನ್ನು ಜಾಕೆಟ್ಟಿನ ಒಳಗೆ, ಎದೆಗೆ ಕಟ್ಟಿಕೊಳ್ಳುತ್ತಾರೆ. 457 ಕಿಲೋಹರ್ಟ್ಸ್‌ನಲ್ಲಿ ಅದು ಸದಾ ಸಂಕೇತ ಕಳಿಸುತ್ತಿರುತ್ತದೆ. ಹುಡುಕುವಾಗ ಗುಂಡಿ ಒತ್ತಿದರೆ ಬೇರೆಯವರ ಸಂಕೇತ ಹಿಡಿಯುತ್ತದೆ. ಒಬ್ಬೊಬ್ಬರೂ ಶಿಕ್ಷಕಿಯ ಮುಂದೆ ಹಾದರು. ಒಬ್ಬಾಕೆಯ ಫೋನು ಬೀಕನ್‌ಗೆ ಒತ್ತಿಕೊಂಡಿತ್ತು. ಸಂಕೇತ ಕೆಡುತ್ತದೆಂದು ಅದನ್ನು ಪ್ಯಾಂಟಿನ ಜೇಬಿಗೆ ಸಾಗಿಸಿದರು.

ಹೆಂಗಸರಿಗೇ ಪ್ರತ್ಯೇಕ ತರಗತಿ ಯಾಕೆ? ಹಿಮಕುಸಿತದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಗಂಡಸರೇ ಅಲ್ಲವೇ? ಕೇಳಿದಾಗ ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ. ಗಂಡನೋ ಗೆಳೆಯನೋ ಮುಂದೆ ಹೋಗುತ್ತಾನೆ, ನಕ್ಷೆ ಅವನ ಕೈಲಿ, ದಾರಿ ಅವನದು, ನಾನು ಹಿಂದೆ. ಇದು ಬರೀ ಸಂಕೋಚದ ಮಾತಲ್ಲ, ಪ್ರಾಣದ ಮಾತು. ಹಿಮದಡಿ ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಅಷ್ಟರೊಳಗೆ ಯಾವ ಹೆಲಿಕಾಪ್ಟರೂ ಬಂದು ಮುಟ್ಟುವುದಿಲ್ಲ. ಮುಂದೆ ಹೋದವನು ಹೂತುಹೋದರೆ ಅಗೆಯಬೇಕಾದವಳು ಹಿಂದೆ ಉಳಿದವಳೇ.

ಅಗೆತದ ಅಭ್ಯಾಸವನ್ನು ಹತ್ತಿರದಿಂದ ನೋಡಿದೆ. ಹಾಸನ ಕಡೆಯ ಹುಡುಗಿಯೊಬ್ಬಳು ಅಲ್ಲಿ ಸಿಕ್ಕಿದ್ದಳು. ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಶಿಕ್ಷಕಿ ಚೀಲವೊಂದರಲ್ಲಿ ಬೀಕನ್ ಇಟ್ಟು ಹೂತಿದ್ದರು. ತನ್ನ ಬೀಕನ್ ಪರದೆಯ ಬಾಣ ತೋರಿದ ಕಡೆ ಇವಳು ಓಡಿದಳು. ದೂರದ ಅಂಕಿ 30, 18, 9 ಎಂದು ಇಳಿಯುತ್ತಿತ್ತು. 3ಕ್ಕೆ ಬಂದಾಗ ಮಂಡಿಯೂರಿ, ಯಂತ್ರವನ್ನು ಹಿಮಕ್ಕೆ ತಾಗಿಸಿ ನಿಧಾನವಾಗಿ ಹಿಂದೆಮುಂದೆ, ಎಡಬಲ ಎಳೆದಳು. ಅತಿ ಚಿಕ್ಕ ಅಂಕಿ ಸಿಕ್ಕಲ್ಲಿ ಪ್ರೋಬ್, ಅಂದರೆ ಮಡಚುವ ಉದ್ದನೆಯ ಸರಳು, ಬಿಚ್ಚಿ ಚುಚ್ಚಿದಳು. ಪ್ರತಿ ಸಲವೂ ಇಳಿಜಾರಿಗೆ ನೆಟ್ಟಗೆ, ಗೇಣಿಗಿಂತ ತುಸು ಹೆಚ್ಚು ಅಂತರ ಬಿಟ್ಟು, ಸುತ್ತುಸುತ್ತಾಗಿ. ಐದನೆಯದೋ ಆರನೆಯದೋ ಚುಚ್ಚಿಗೆ ಮೆತ್ತಗೆ ತಾಗಿತು. ತಕ್ಷಣ ಸರಳು ಎಳೆಯಲು ಹೋದಳು.

“ಎಳೆಯಬೇಡ, ಅಲ್ಲೇ ಬಿಡು!” ಎಂದು ಶಿಕ್ಷಕಿ ಕೂಗಿದರು.

ಸರಳು ಅಲ್ಲೇ ನಿಂತಿರಬೇಕು. ಗುರುತೂ ಅದೇ, ಆಳವೂ ಅದೇ. ಅದರ ನೆತ್ತಿಯಿಂದಲ್ಲ, ಇಳಿಜಾರಿನ ಕೆಳಗಿನಿಂದ ಅಡ್ಡಕ್ಕೆ ಅಗೆಯುತ್ತ ಬರಬೇಕು. ಮೇಲೆ ನಿಂತು ತುಳಿದರೆ ಒಳಗಿರುವವರ ಉಸಿರಿನ ಜಾಗ ಮುಚ್ಚಿಹೋಗುತ್ತದೆ. ಕುಸಿದು ನಿಂತ ಹಿಮ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಐದು ಜನ ‘ವಿ’ ಆಕಾರದಲ್ಲಿ ನಿಂತು, ಮುಂದಿನವಳು ಕಡಿದದ್ದನ್ನು ಹಿಂದಿನವರು ತಳ್ಳುತ್ತ, ಒಂದೆರಡು ನಿಮಿಷಕ್ಕೊಮ್ಮೆ ಜಾಗ ಬದಲಿಸಿದರು.

ಆಮೇಲೆ ಹಿಮದ ಪರೀಕ್ಷೆ. ಎದೆಯುದ್ದ ಗುಂಡಿ ತೋಡಿ, 90 ಸೆಂಟಿಮೀಟರ್ ಅಗಲದ ಕಂಬ ಕಡಿದು, ಅದರ ಒಂದು ತುದಿಗೆ ಸಲಿಕೆಯಿಟ್ಟು ತಟ್ಟುತ್ತಾರೆ. ಮೊದಲು ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು. ಮೊಣಕೈ ಏಟಿನ ನಡುವೆ ಇಡೀ ಕಂಬ ಒಂದು ಪದರದ ಮೇಲೆ ಜಾರಿಬಿಟ್ಟಿತು. ಆ ಪದರವನ್ನು ಅಂಗೈಗೆ ಹಾಕಿಕೊಂಡೆ. ಉಪ್ಪಿಟ್ಟಿಗೆ ಹುರಿದಿಟ್ಟ ಬನ್ಸಿ ರವೆಯ ಹಾಗೆ ಹರಳುಹರಳು, ಒಂದಕ್ಕೊಂದು ಅಂಟುವುದೇ ಇಲ್ಲ. ಚಳಿಗಾಲದ ಮೊದಲಲ್ಲಿ ಬಿದ್ದ ತೆಳು ಹಿಮ ಹೀಗಾಗುತ್ತದೆ. ಅದರ ಮೇಲೆ ಬಿರುಗಾಳಿ ತಂದ ಭಾರ ಕೂರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬರ ತೂಕವೇ ಅದನ್ನು ಕಳಚಲು ಸಾಕು. ಜನರನ್ನು ಕೊಂದ ಹಿಮಕುಸಿತಗಳಲ್ಲಿ ಹೆಚ್ಚಿನವು ಸಿಕ್ಕಿಬಿದ್ದವರೋ ಅವರ ಜತೆಗಾರರೋ ಕೆಡವಿದವೇ.

ಇಷ್ಟೆಲ್ಲ ಬಲ್ಲವರೂ ಸಾಯುತ್ತಾರೆ. 2012ರ ಫೆಬ್ರವರಿ 19ರಂದು ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ನಲ್ಲಿ ಇಳಿಯಲು ಹೊರಟ ಹದಿನಾರು ಜನರಲ್ಲಿ ಬಹುಪಾಲು ನುರಿತವರು. ಒಳಗೊಳಗೇ ಅಳುಕಿದವರೂ ಇದ್ದರು, ಬಾಯಿಬಿಟ್ಟು ಹೇಳಲಿಲ್ಲ. ಹಿಮ ಕುಸಿದು ಮೂವರು ಸತ್ತರು. ಗಾಳಿಚೀಲ ಉಬ್ಬಿಸಿಕೊಂಡು ಬದುಕಿದ ವೃತ್ತಿಪರ ಸ್ಕೀಯರ್ ಎಲೀಸ್ ಸಾಗ್‌ಸ್ಟಡ್, ಆಮೇಲೆ ತಮ್ಮಂಥ ಮಹಿಳೆಯರೊಂದಿಗೆ ಸೇರಿ ಹೆಂಗಸರಿಗಾಗಿಯೇ ಹಿಮಕುಸಿತ ಶಿಬಿರ ನಡೆಸಿದರು. ಅಮೆರಿಕದ ನೂರಾರು ಅಪಘಾತಗಳನ್ನು ಪರಿಶೀಲಿಸಿದ ಇಯಾನ್ ಮೆಕ್‌ಕ್ಯಾಮನ್ ಕೂಡ ಬೊಟ್ಟು ಮಾಡಿದ್ದು ಇದಕ್ಕೇ: ಪರಿಚಿತ ಜಾಗ ಎಂಬ ಧೈರ್ಯ, ಗುಂಪಿನ ಮೆಚ್ಚುಗೆಯ ಆಸೆ, ಮುಂದಿರುವವನಿಗೆ ಗೊತ್ತಿರುತ್ತದೆ ಎಂಬ ನಂಬಿಕೆ.

ಮಧ್ಯಾಹ್ನ ಮೇಲಿನ ಬೆಟ್ಟದಂಚಿಗೆ ಬಂದಾಗ ಉತ್ತರಕ್ಕೆ ಮುಖ ಮಾಡಿದ ಇಳಿಜಾರೊಂದು ಕಣ್ಣು ಕುಕ್ಕುವಂತಿತ್ತು. ಒಂದು ಗೆರೆಯೂ ಮೂಡದ ಹಿಮ. ಬೆಳಗ್ಗೆ ಯೂಟಾ ಹಿಮಕುಸಿತ ಕೇಂದ್ರ ಆ ದಿಕ್ಕಿಗೆ, ಆ ಎತ್ತರಕ್ಕೆ ಐದರಲ್ಲಿ ಮೂರನೇ ಹಂತದ ಅಪಾಯವೆಂದು ಸಾರಿತ್ತು. ಶಿಕ್ಷಕಿ ಎಲ್ಲರನ್ನೂ ಕೇಳಿದರು, ಅದೂ ಎಲ್ಲರಿಗಿಂತ ಹೊಸಬಳಿಂದ ಶುರುಮಾಡಿ. ಅನುಭವಿಗಳು ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸುತ್ತಾರಂತೆ. ಹೊಸಬಳು ಬೇಡವೆಂದಳು. ಕಾರಣ ಹೇಳು ಎಂದು ಯಾರೂ ಅನ್ನಲಿಲ್ಲ. ಒಬ್ಬರು ಬೇಡವೆಂದರೆ ಇಡೀ ಗುಂಪು ಹಿಂತಿರುಗುವುದು ನಿಯಮ. ಆ ದಿನ ನಾನು ಕಂಡದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ವಿದ್ಯೆ ಇದೇ ಅನ್ನಿಸಿತು. ಎಲ್ಲರೂ ಮರಗಳ ನಡುವಿನ ಕಡಿಮೆ ಕಡಿದಾದ ದಾರಿಯಲ್ಲಿ ಇಳಿದರು.

ಕಾರಿನ ಬಳಿ ಬೂಟು ಕಳಚುತ್ತಿದ್ದ ಹಾಸನದ ಹುಡುಗಿಯನ್ನು ಮಾತಾಡಿಸಿದೆ.

“ಮನೇಲಿ ಏನಂತಾರಮ್ಮ?”

“ನಮ್ಮನೆಯವರು, ಅವರ ಫ್ರೆಂಡ್ಸ್ ಎಲ್ಲ ಶನಿವಾರ ಹೊರಟಿದಾರೆ ಅಕ್ಕ. ಎಲ್ಲರ ಹತ್ರಾನೂ ಬೀಕನ್ ಇದೆ, ಒಬ್ಬರೂ ಅಭ್ಯಾಸ ಮಾಡಿಲ್ಲ. ಬೆಳಗ್ಗೆ ಮೊದಲು ಎಲ್ಲರನ್ನೂ ಬೀಕನ್ ಹುಡುಕೋ ಅಭ್ಯಾಸದ ಪಾರ್ಕಿಗೆ ಕರ್ಕೊಂಡು ಹೋಗಿ ಹುಡುಕಿಸ್ತೀನಿ. ಒಪ್ಪದಿದ್ರೆ ನಾನೂ ಬರಲ್ಲ, ಕಾರಿನ ಕೀನೂ ಕೊಡಲ್ಲ ಅಂತ ಹೇಳಾಯ್ತು.”