ಕಾರಿನೊಳಗೇ ಉಳಿದ ಸ್ಮಾರ್ಟ್ ಕೀ

ಕಳೆದ ಬೇಸಿಗೆಯಲ್ಲಿ ಮೈಸೂರಿನ ಕಲ್ಯಾಣ ಮಂಟಪವೊಂದರ ಮುಂದೆ ನಡೆದ ಘಟನೆ ಇದು. ನನ್ನ ಸೋದರ ಸೊಸೆ ಮದುವೆ ಮುಗಿಸಿಕೊಂಡು ಹಾಸನಕ್ಕೆ ಹೊರಟಿದ್ದಳು. ನಿದ್ದೆ ಹೋಗಿದ್ದ ಮೂರು ವರ್ಷದ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಸರ, ಬಳೆಗಳನ್ನು ತೆಗೆದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುವಾಗ ಕೈಯಲ್ಲಿದ್ದ ಕಾರಿನ ಸ್ಮಾರ್ಟ್ ಕೀಯೂ ಡಬ್ಬಿ ಸೇರಿತು. ಡಬ್ಬಿಯನ್ನು ಮಗುವಿನ ಪಕ್ಕದಲ್ಲಿಟ್ಟು, ಬಾಗಿಲು ಮುಚ್ಚಿ, ಬೀಳ್ಕೊಡಲು ಬಂದವರೊಡನೆ ಎರಡು ಮಾತಾಡಿ ಹಿಂದಿರುಗುವಷ್ಟರಲ್ಲಿ ಕಾರು ತಾನಾಗಿಯೇ ಲಾಕ್ ಆಗಿತ್ತು. ಎರಡನೆಯ ಕೀ ಇದ್ದದ್ದು ಹಾಸನದ ಮನೆಯಲ್ಲಿ. ಮಧ್ಯಾಹ್ನದ ಬಿಸಿಲು. ಕೊನೆಗೆ ಮುಂದಿನ ಕಿಟಕಿಯ ಗಾಜು ಒಡೆದು ಬಾಗಿಲು ತೆಗೆಯಬೇಕಾಯಿತು. ಮಗು ಬೆವರಿನಲ್ಲಿ ತೊಯ್ದುಹೋಗಿತ್ತು; ಪುಣ್ಯಕ್ಕೆ ಬೇರೇನೂ ಆಗಲಿಲ್ಲ.

"ಕೀ ಒಳಗಿದ್ದರೆ ಲಾಕ್ ಆಗುವುದೇ ಇಲ್ಲ ಅಂತ ಹೇಳಿ ಮಾರಿದ್ದರಲ್ಲ ಮಾವ?" ಎಂದು ಅವಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲಿಯೇ ಇದೆ.

ಕಾರು ಮತ್ತು ಕೀ ನಡುವಿನ ಸಂಭಾಷಣೆ

ಗುಂಡಿ ಒತ್ತದೆಯೇ ಬಾಗಿಲು ತೆರೆಯುವ ವ್ಯವಸ್ಥೆ 1993ರಲ್ಲಿಯೇ ಅಮೆರಿಕದ ಷೆವರ್ಲೆ ಕಾರ್ವೆಟ್ ಕಾರಿನಲ್ಲಿ ಬಂದಿತ್ತು. ಇಂದು ನಮ್ಮ ರಸ್ತೆಗಳಲ್ಲಿಯೂ ಅದು ಸಾಮಾನ್ಯ. ಇಲ್ಲಿ ಎರಡು ಬೇರೆ ಬೇರೆ ಆವೃತ್ತಿಗಳು ಕೆಲಸ ಮಾಡುತ್ತವೆ. ಕಾರಿನ ಬಾಗಿಲುಗಳಲ್ಲಿ, ಆಸನಗಳ ನಡುವೆ, ಡಿಕ್ಕಿಯಲ್ಲಿ ತಂತಿಯ ಸುರುಳಿಗಳನ್ನು ಅಡಗಿಸಿರುತ್ತಾರೆ. ಇವು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಆಂದೋಲಿಸುವ ಕಾಂತಕ್ಷೇತ್ರವನ್ನು ಉಂಟುಮಾಡಿ "ಕೀ ಇದೆಯೇ?" ಎಂದು ಕೇಳುತ್ತವೆ. ಕೀ ಒಳಗಿನ ಪುಟ್ಟ ಸುರುಳಿಗಳಲ್ಲಿ, ಫ್ಯಾರಡೆ 1831ರಲ್ಲಿ ಕಂಡುಹಿಡಿದ ಪ್ರೇರಣೆಯಿಂದ, ವೋಲ್ಟೇಜ್ ಹುಟ್ಟುತ್ತದೆ. ಕೀಯನ್ನು ಜೇಬಿನಲ್ಲಿ ಹೇಗೆ ಇಟ್ಟರೂ ಕ್ಷೇತ್ರ ಸಿಗಬೇಕಲ್ಲವೇ? ಅದಕ್ಕಾಗಿ ಪರಸ್ಪರ ಲಂಬವಾಗಿರುವ ಮೂರು ಸುರುಳಿಗಳನ್ನು ಅದರಲ್ಲಿ ಜೋಡಿಸುವುದುಂಟು. ಎಚ್ಚೆತ್ತ ಕೀ, ಗೂಢಲಿಪಿಯ ಉತ್ತರವನ್ನು ರೇಡಿಯೋ ಅಲೆಯಾಗಿ ಕಳಿಸುತ್ತದೆ. ಇದರ ಆವೃತ್ತಿ ಹಲವು ದೇಶಗಳಲ್ಲಿ ಸುಮಾರು 434 ಮೆಗಾಹರ್ಟ್ಸ್. ಅಮೆರಿಕ, ಜಪಾನ್‌ಗಳಲ್ಲಿ ಬಹುಮಟ್ಟಿಗೆ 315 ಮೆಗಾಹರ್ಟ್ಸ್.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೀ ಎಲ್ಲಿದೆ ಎಂಬುದನ್ನು ಕಾರು ನೋಡುವುದಿಲ್ಲ. ಯಾವ ಸುರುಳಿಯ ಕ್ಷೇತ್ರ ಕೀಗೆ ಎಷ್ಟು ಪ್ರಬಲವಾಗಿ ಮುಟ್ಟಿತು ಎಂಬುದರಿಂದ "ಒಳಗಿದೆ", "ಹೊರಗಿದೆ" ಎಂದು ಊಹಿಸುತ್ತದೆ, ಅಷ್ಟೆ.

ಘನ ನಿಯಮ ಎಳೆದ ಗಡಿ

125 ಕಿಲೋಹರ್ಟ್ಸ್ ಅಲೆಯ ತರಂಗದೂರ 2,400 ಮೀಟರ್. ಇದನ್ನು 2π ಯಿಂದ ಭಾಗಿಸಿದರೆ ಸುಮಾರು 380 ಮೀಟರ್. ಈ ದೂರಕ್ಕಿಂತ ತೀರ ಒಳಗಿರುವ ಪ್ರದೇಶವೇ ಸಮೀಪ ಕ್ಷೇತ್ರ. ಇಲ್ಲಿ ಸುರುಳಿಯು ದಂಡಕಾಂತದಂತೆ ವರ್ತಿಸುತ್ತದೆ. ಕ್ಷೇತ್ರದ ಬಲವು ದೂರದ ಘನಕ್ಕೆ ವಿಲೋಮವಾಗಿರುತ್ತದೆ. ದೂರ ಇಮ್ಮಡಿಯಾದರೆ ಬಲ ಎಂಟನೆಯ ಒಂದು ಪಾಲು. ಹೀಗಾಗಿಯೇ ಬಾಗಿಲ ಬಳಿ ಒಂದೂವರೆ ಮೀಟರಿನಲ್ಲಿ ಎಚ್ಚರಗೊಳ್ಳುವ ಕೀ, ನಾಲ್ಕು ಹೆಜ್ಜೆ ಆಚೆ ಹೋದರೆ ಸುಮ್ಮನಾಗುತ್ತದೆ.

ಎಂಜಿನಿಯರುಗಳಿಗೆ ಈ ನಿಯಮ ಒಂದು ವರವೇ ಸರಿ. ಬಲದಲ್ಲಿ ಶೇಕಡಾ 10ರಷ್ಟು ಏರುಪೇರಾದರೂ ಗಡಿ ಸರಿಯುವುದು ಶೇಕಡಾ 3ರಷ್ಟು ಮಾತ್ರ. 434 ಮೆಗಾಹರ್ಟ್ಸ್ ಅಲೆಯ ತರಂಗದೂರವಾದರೋ 69 ಸೆಂಟಿಮೀಟರ್. ಅದು ಹತ್ತಾರು ಮೀಟರ್ ಸಾಗುತ್ತದೆ, ಗಾಜು ಮತ್ತು ಲೋಹಗಳ ನಡುವೆ ಪ್ರತಿಫಲಿಸಿ ಗೋಜಲಾಗುತ್ತದೆ. ಒಳಗೆ-ಹೊರಗೆ ಎಂಬ ತೀರ್ಮಾನಕ್ಕೆ ಅದನ್ನು ನೆಚ್ಚುವಂತಿಲ್ಲ.

ಡಬ್ಬಿ ಮಾಡಿದ್ದೇನು?

ಈಗ ನಮ್ಮ ಸ್ಟೀಲ್ ಡಬ್ಬಿಗೆ ಬರೋಣ. ಬದಲಾಗುವ ಕಾಂತಕ್ಷೇತ್ರವು ಲೋಹದ ಗೋಡೆಯಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸುತ್ತದೆ. ಲೆನ್ಸ್‌ನ ನಿಯಮದಂತೆ ಇವು ಮೂಲ ಕ್ಷೇತ್ರವನ್ನು ವಿರೋಧಿಸುತ್ತವೆ. 6 ಸೆಂಟಿಮೀಟರ್ ತ್ರಿಜ್ಯದ, ಅರ್ಧ ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗೆ ಸ್ಥೂಲವಾಗಿ ಲೆಕ್ಕ ಹಾಕಿದರೆ, 125 ಕಿಲೋಹರ್ಟ್ಸ್ ಕ್ಷೇತ್ರವು ಒಳಗೆ ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಘನ ನಿಯಮವನ್ನು ನೆನಪಿಸಿಕೊಳ್ಳಿ. 10ರ ಘನಮೂಲ ಸುಮಾರು 2.15. ಎಂದರೆ ಸುರುಳಿಯಿಂದ 1 ಮೀಟರ್ ದೂರದಲ್ಲಿರುವ ಕೀ, ಕಾರಿನ ಪಾಲಿಗೆ 2.15 ಮೀಟರ್ ದೂರದಲ್ಲಿದ್ದಂತೆ! ಸೀಟಿನ ಮೇಲಿರುವ ಕೀ ಹೀಗೆ ಲೆಕ್ಕದಲ್ಲಿ ಕಾರಿನ ಹೊರಗೆ ಹೋಗಿಬಿಟ್ಟಿತು.

ಅದು ಎಚ್ಚೆತ್ತು ಉತ್ತರಿಸಿದರೂ ಪ್ರಯೋಜನವಿಲ್ಲ. 434 ಮೆಗಾಹರ್ಟ್ಸ್ ಅಲೆ ಸ್ಟೀಲಿನೊಳಕ್ಕೆ ಇಳಿಯುವ ಆಳ ಸುಮಾರು 20 ಮೈಕ್ರೋಮೀಟರ್ ಮಾತ್ರ. ಅರ್ಧ ಮಿಲಿಮೀಟರ್ ಗೋಡೆ ಅದರ 25 ಪಟ್ಟು ದಪ್ಪ. ಸೋರುವುದಿದ್ದರೆ ಮುಚ್ಚಳದ ಸಂದಿನಿಂದಲೇ ಸೋರಬೇಕು. ಕೀಯ ಸುಳಿವೇ ಸಿಗದಿದ್ದಾಗ, ಆ ಕಾರಿನ ವ್ಯವಸ್ಥೆ "ಒಡೆಯರು ನಡೆದು ಹೋದರು" ಎಂದು ಅರ್ಥಮಾಡಿಕೊಂಡು ಲಾಕ್ ಮಾಡಿತು. ಅದಕ್ಕೆ ತಿಳಿದಷ್ಟು ಮಾಹಿತಿಯಲ್ಲಿ ಅದು ತಪ್ಪು ಮಾಡಲಿಲ್ಲ!

ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗಬಹುದು. ಸೀಟಿನ ಮೇಲೆ ಮರೆತ ಕೀಯನ್ನು ಕಾರು ಸರಿಯಾಗಿ ಗುರುತಿಸಿ ಲಾಕ್ ಆಗಲು ನಿರಾಕರಿಸಿತು ಎನ್ನಿ. ಬೀಪ್ ಸದ್ದು ಸಂತೆಯ ಗದ್ದಲದಲ್ಲಿ ಕೇಳದೆ ನೀವು ಹೊರಟುಹೋದರೆ, ಬಾಗಿಲು ತೆರೆದವರು ಯಾರೇ ಆಗಲಿ, ಬ್ರೇಕ್ ಒತ್ತಿ ಗುಂಡಿ ಅದುಮಿ ಕಾರು ಓಡಿಸಬಹುದು.

ಬಲ ಬೇರೆ, ದೂರ ಬೇರೆ

ಕ್ಷೇತ್ರದ ಬಲವನ್ನೇ ದೂರವೆಂದು ನಂಬುವ ಈ ದೌರ್ಬಲ್ಯವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸಂಶೋಧಕರು 2011ರಲ್ಲಿ ತೋರಿಸಿಕೊಟ್ಟರು. ಕಾರಿನ ಬಳಿಯ ಸಂಕೇತವನ್ನು ಗ್ರಹಿಸಿ, ದೂರದಲ್ಲಿರುವ ಕೀ ಬಳಿಗೆ ಸಾಗಿಸುವ ಸಾಧನದಿಂದ ಅವರು 8 ತಯಾರಕರ 10 ಮಾದರಿಯ ಕಾರುಗಳನ್ನು ಪರೀಕ್ಷಿಸಿದರು. ಹತ್ತೂ ಮೋಸಹೋದವು. ಗೂಢಲಿಪಿಯನ್ನು ಒಡೆಯುವ ಅಗತ್ಯವೇ ಬೀಳಲಿಲ್ಲ. ಡಬ್ಬಿ ಹತ್ತಿರದ ಕೀಯನ್ನು ದೂರ ಮಾಡಿತು. ಈ ಸಾಧನ ದೂರದ ಕೀಯನ್ನು ಹತ್ತಿರ ಮಾಡಿತು. ಎರಡರ ಮೂಲವೂ ಒಂದೇ.

ಇದಕ್ಕೆ ಪರಿಹಾರವಾಗಿ ಕೆಲವು ಹೊಸ ಕಾರುಗಳು ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ತಂತ್ರವನ್ನು ಬಳಸುತ್ತಿವೆ. ಅಲ್ಲಿ ಅಳೆಯುವುದು ಬಲವನ್ನಲ್ಲ, ಸಂಕೇತ ಹೋಗಿಬರಲು ಹಿಡಿದ ಸಮಯವನ್ನು. ಬೆಳಕು 1 ನ್ಯಾನೋಸೆಕೆಂಡಿನಲ್ಲಿ ಸಾಗುವುದು 30 ಸೆಂಟಿಮೀಟರ್. ಸಾಗಿಸುವವರು ಸಮಯವನ್ನು ಹೆಚ್ಚಿಸಬಲ್ಲರೇ ಹೊರತು ಬೆಳಕನ್ನು ಹಿಂದಿಕ್ಕಲಾರರು. ಆದರೆ ಮುಚ್ಚಿದ ಲೋಹದ ಡಬ್ಬಿಯ ಮುಂದೆ ಈ ತಂತ್ರವೂ ಕುರುಡೇ.

ತರಗತಿಯಲ್ಲಿ ಒಂದು ಪ್ರಯೋಗ

ಘನ ನಿಯಮವನ್ನು ಕಾಲೇಜಿನ ಪ್ರಯೋಗಾಲಯದಲ್ಲಿಯೇ ಪರೀಕ್ಷಿಸಬಹುದು. 4 ಸೆಂಟಿಮೀಟರ್ ವ್ಯಾಸದ, 100 ಸುತ್ತುಗಳ ಎರಡು ಸುರುಳಿಗಳನ್ನು ಸುತ್ತಿ. ಒಂದಕ್ಕೆ ಸಿಗ್ನಲ್ ಜನರೇಟರಿನಿಂದ 100 ಕಿಲೋಹರ್ಟ್ಸ್ ಕೊಡಿ. ಇನ್ನೊಂದನ್ನು ಸಿಆರ್‌ಓಗೆ ಜೋಡಿಸಿ. ಎರಡನ್ನೂ ಒಂದೇ ಅಕ್ಷದಲ್ಲಿಟ್ಟು 10ರಿಂದ 30 ಸೆಂಟಿಮೀಟರ್‌ವರೆಗೆ ವೋಲ್ಟೇಜ್ ಗುರುತಿಸಿಕೊಳ್ಳಿ. ಲಾಗ್-ಲಾಗ್ ನಕ್ಷೆಯ ಇಳಿಜಾರು -3ಕ್ಕೆ ಹತ್ತಿರ ಬರಬೇಕು. ಬಳಿಕ ನಡುವೆ ಸ್ಟೀಲ್ ತಟ್ಟೆಯೊಂದನ್ನು ಅಡ್ಡ ಹಿಡಿಯಿರಿ. ವೋಲ್ಟೇಜ್ ಕುಸಿಯುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡರೆ ಸುಳಿ ಪ್ರವಾಹದ ಪಾಠ ಮರೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಬಿಸಿಲಿನಲ್ಲಿ ನಿಂತ ಕಾರಿನ ಲೆಕ್ಕವನ್ನೂ ತಿಳಿದಿರಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರಲ್ಲಿ ಶೇಕಡಾ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಬಿಡುತ್ತದೆ. ಆದ್ದರಿಂದ ಮಗು ಒಳಗೆ ಸಿಕ್ಕಿಕೊಂಡಾಗ ಹಾಸನದಿಂದ ಎರಡನೆಯ ಕೀ ಬರಲಿ ಎಂದು ಕಾಯುವುದು ತರವಲ್ಲ. ಮಗುವಿನಿಂದ ದೂರದ ಕಿಟಕಿಯನ್ನು ಒಡೆದದ್ದೇ ಸರಿಯಾದ ನಿರ್ಧಾರ.

ಕೀ ಸದಾ ಮೈಮೇಲೆ ಇರಲಿ, ಅಂಗಿಯ ಜೇಬಿನಲ್ಲೋ ಸೊಂಟದಲ್ಲೋ. ಇಳಿಯುವಾಗ ಮೊದಲು ಕೀ ಮುಟ್ಟಿ ನೋಡಿ, ಆಮೇಲೆ ಬಾಗಿಲು ಮುಚ್ಚಿ. ಲೋಹದ ಡಬ್ಬಿ, ಅಲ್ಯುಮಿನಿಯಂ ಹಾಳೆಗಳ ಜೊತೆ ಅದನ್ನು ಇಡಬೇಡಿ. ಬಿಸಿಲಿನ ಡ್ಯಾಶ್‌ಬೋರ್ಡಿನ ಮೇಲೂ ಬೇಡ. ಅದರ ಲಿಥಿಯಂ ಸೆಲ್ ಬೇಗ ಸೊರಗುತ್ತದೆ. ಸೆಲ್ ಸತ್ತರೆ ಗಾಬರಿ ಬೇಡ. ಬಹಳಷ್ಟು ಕೀಗಳಲ್ಲಿ ಬಾಗಿಲಿಗೆ ಹಾಕುವ ಸಣ್ಣ ಲೋಹದ ಕೀಯೂ ಅಡಗಿರುತ್ತದೆ. ಒಳಗೆ ಕುಳಿತು, ಕೈಪಿಡಿ ಹೇಳಿದ ಜಾಗಕ್ಕೆ ಕೀಯನ್ನು ತಾಗಿಸಿ ಹಿಡಿದರೆ, ಕಾರಿನ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಅದು ತನ್ನ ಗುರುತು ಹೇಳಬಲ್ಲದು.

ನನ್ನ ಸೊಸೆ ಈಗ ಕೀಯನ್ನು ಒಂದು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಆ ಹಳೆಯ ಉಪಾಯದ ಮೇಲೆ ಯಾವ ಡಬ್ಬಿಯ ಆಟವೂ ನಡೆಯುವುದಿಲ್ಲ.